ಅಜ್ಜನ ಎಲೆಗೆ ಬಡಿಸಿದ ಬಂಗುಡೆ

ಪುಟ್ಟೀ, ಅಪ್ಪೂ,

ಇದನ್ನು ನಿಮ್ಮೆದುರು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಅದಕ್ಕೆ ಬರೆಯುತ್ತಿದ್ದೇನೆ. ಮನೆಯ ಮಾತು ತುಳುವಾದರೂ ನನಗೆ ಬರೆಯಲು ಬರುವುದು ಇನ್ನಂಜೆಯಲ್ಲಿ ಕಲಿತ ಶಾಲೆಯ ಕನ್ನಡ ಮಾತ್ರ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ.

ಆಟಿ ತಿಂಗಳಲ್ಲಿ ತೀರಿಹೋದವರಿಗೆ ಅವರವರ ಇಷ್ಟದ್ದನ್ನು ಎಲೆಯಲ್ಲಿ ಬಡಿಸುವುದು ನಿಮಗೆ ಗೊತ್ತುಂಟು. ಮೊದಲೆಲ್ಲ ಪೆರ್ಡೂರಿನ ಕುಟುಂಬದ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಬಡಿಸುತ್ತಿದ್ದರು. ಕಳೆದ ವರ್ಷ ಮೊದಲ ಸಲ ನಮ್ಮ ಮನೆಯಲ್ಲಿ ನಿಮ್ಮ ಅಜ್ಜನಿಗೆಂದೇ ಒಂದು ಎಲೆ ಹಾಕಿದೆವು. ಬೆಳಿಗ್ಗೆ ನಿಮ್ಮ ಅಪ್ಪ ಕೇಳಿದ, "ಅಮ್ಮ, ಅಪ್ಪನಿಗೆ ಎಂತ ಇಷ್ಟ ಇತ್ತು?" ಅಜ್ಜ ಹೋಗುವಾಗ ಅವನಿನ್ನೂ ಚಡ್ಡಿ ಹಾಕಿ ಶಾಲೆಗೆ ಹೋಗುತ್ತಿದ್ದವನು. ಅವನಿಗೇನು ನೆನಪಿರುತ್ತದೆ?

"ಬಂಗುಡೆ ಪುಳಿಮುಂಚಿ," ಎಂದೆ. ಯೋಚನೆ ಸಹ ಮಾಡಲಿಲ್ಲ.

ಮಳೆಗಾಲ, ಮೀನಿನ ಬೋಟುಗಳು ಇನ್ನೂ ಕಡಲಿಗೆ ಇಳಿದಿರಲಿಲ್ಲ. ಪಾಪ, ಕಾಪುವಿನ ಮಾರ್ಕೆಟಿನಲ್ಲಿ ಹುಡುಕಿ ಹುಡುಕಿ ತಂದ. ಹುಳಿ ಖಾರ ಅರೆದು ನಾನೇ ಮಾಡಿದೆ. ಸಂಜೆ ಎಲೆಯಲ್ಲಿ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲೆಳೆದು ಎಲ್ಲರೂ ಜಗಲಿಯಲ್ಲಿ ಕೂತೆವು. ಕಾರ್ಕಳದಿಂದ ಅಜ್ಜನ ತಂಗಿಯೂ ಬಂದಿದ್ದಳು.

"ಎಲೆಗೆ ಎಂತ ಹಾಕಿದ್ದು ಅತ್ತಿಗೆ?"

"ಬಂಗುಡೆ."

"ಬಂಗುಡೆಯಾ! ಅಣ್ಣನಿಗೆ ಬಂಗುಡೆ ಆಗ್ತಿತ್ತಾ ಮಾರಾಯ್ರೆ? ಒಂದು ತುಂಡು ತಿಂದರೆ ಮೈಯೆಲ್ಲ ತುರಿ. ನೀವು ಬಡಿಸಿದ್ದು ಯಾರ ಗಂಡನಿಗೆ?"

ಎಲ್ಲರೂ ನಕ್ಕರು. "ಹಾಗಾದರೆ ಅಪ್ಪ ಈಗ ಒಳಗೆ ತುರಿಸಿಕೊಳ್ತಾ ಕೂತಿರಬಹುದು," ಎಂದ ನಿಮ್ಮ ಅಪ್ಪ. ನಾನೂ ನಕ್ಕೆ. ಮುಚ್ಚಿದ ಬಾಗಿಲನ್ನು ನಡುವೆ ತೆಗೆಯುವ ಹಾಗಿಲ್ಲ. ಇಲ್ಲದಿದ್ದರೆ ಓಡಿಹೋಗಿ ಆ ಮೀನು ತೆಗೆದುಬಿಡುತ್ತಿದ್ದೆ.

ಬಂಗುಡೆ ಇಷ್ಟ ನನಗೆ. ಅವರಿಗಲ್ಲ.

ಮುಂಬಯಿಯ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅವರು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು. ಬಂದ ದಿನವೇ ನಾನು ಬಂಗುಡೆ ಮಾಡುತ್ತಿದ್ದೆ. ಮಾತಾಡದೆ ತಿಂದು, ಬಟ್ಟಲು ಒರೆಸಿದ ಹಾಗೆ ಖಾಲಿ ಮಾಡಿ ಏಳುತ್ತಿದ್ದರು. ಆಮೇಲೆ ಕೈ, ಕುತ್ತಿಗೆ ಕೆರೆದುಕೊಳ್ಳುವರು. ಕೇಳಿದರೆ, "ಊರಿನ ಬಾವಿ ನೀರು ನನಗೀಗ ಹಿಡಿಯುವುದಿಲ್ಲ," ಎನ್ನುವರು. ನಾನು ಬೇವಿನ ಸೊಪ್ಪು ಹಾಕಿ ಸ್ನಾನಕ್ಕೆ ನೀರು ಕಾಯಿಸುತ್ತಿದ್ದೆ. ಮರುದಿನ ಮೀನಿನವಳು ಬಂದರೆ ಮತ್ತೆ ಬಂಗುಡೆಯನ್ನೇ ಕೊಳ್ಳುತ್ತಿದ್ದೆ.

ಅವರು ಯಾಕೆ ಹೇಳಲಿಲ್ಲವೋ. ನಿಮಗೆ ಎಂತ ಇಷ್ಟ ಎಂದು ನಾನಂತೂ ಕೇಳಲಿಲ್ಲ. ಅವರು ಉಣ್ಣುವಾಗ ಬಾಗಿಲ ಸಂದಿಯಲ್ಲಿ ನಿಂತು ಬಟ್ಟಲು ನೋಡುತ್ತಿದ್ದೆ, ಮುಖ ನೋಡಲು ಸಂಕೋಚ. ಮಾತು ಸಲೀಸಾಗುವಷ್ಟರಲ್ಲಿ ರಜೆ ಮುಗಿಯುತ್ತಿತ್ತು. ಆ ರಜೆಗಳನ್ನೆಲ್ಲ ಕೂಡಿಸಿದರೆ ಎಷ್ಟು ಸಂಸಾರ ಮಾಡಿದಂತಾಯಿತು? ಕೂಡಿಸಲು ಹೆದರಿಕೆಯಾಗುತ್ತದೆ. ಅವರ ಪೆಟ್ಟಿಗೆಯ ಸೋಪಿನ ವಾಸನೆ ನೆನಪುಂಟು. ಸ್ನಾನ ಮುಗಿಸಿ ಮೈ ಒರೆಸಿದ ಬೈರಾಸನ್ನು ಹಿಂಡಿ ಎರಡು ಸಲ ಕೊಡವುತ್ತಿದ್ದ ಸದ್ದೂ ನೆನಪುಂಟು. ಇಷ್ಟದ ಊಟ ಯಾವುದೆಂದು ಹುಡುಕಿದರೆ ಮಾತ್ರ ಏನೂ ಸಿಗುವುದಿಲ್ಲ.

ಈ ವರ್ಷ ಆಟಿ ಬರುವ ಮೊದಲು ಬಸ್ಸು ಹತ್ತಿ ಕಾರ್ಕಳಕ್ಕೆ ಹೋದೆ. ಉಡುಪಿಗೆ ಕಣ್ಣಿನ ಡಾಕ್ಟರ ಹತ್ತಿರ ಎಂದು ನಿಮ್ಮ ಅಮ್ಮನಿಗೆ ಸುಳ್ಳು ಹೇಳಿದ್ದೆ. ನಾದಿನಿ ಚಹಾ ಕೊಟ್ಟಳು. ಊರಿನ ಸುದ್ದಿಯೆಲ್ಲ ಮುಗಿದ ಮೇಲೆ, ಅವರಿಗೆ ಎಂತ ಇಷ್ಟವಿತ್ತೆಂದು ಹೇಗೋ ಕೇಳಿಬಿಟ್ಟೆ.

ಈ ಸಲ ಅವಳು ನಗಲಿಲ್ಲ. "ಅಣ್ಣ ಮುಂಬಯಿಗೆ ಹೋಗುವಾಗ ಮೀಸೆ ಕೂಡ ಬಂದಿರಲಿಲ್ಲ ಅತ್ತಿಗೆ. ಹಲಸಿನ ಬೀಜ ಸುಟ್ಟು ಕೊಟ್ಟರೆ ಅವನಿಗೆ ಊಟವೇ ಬೇಡ. ದೊಡ್ಡವನಾದ ಮೇಲೆ ಎಂತ ಇಷ್ಟವೋ! ಅದು ನಿಮಗೇ ಗೊತ್ತಿರಬೇಕು ಅಲ್ವಾ?"

ಕುಟುಕಲು ಹೇಳಿದ ಮಾತಲ್ಲ. ಆದರೂ ಚಹಾದ ಲೋಟ ತೊಳೆದಿಟ್ಟು, ಮುಂದಿನ ಬಸ್ಸಿಗೇ ಹೊರಟುಬಿಟ್ಟೆ.

ಮೊನ್ನೆ ಎಲೆಗೆ ಹಲಸಿನ ಬೀಜ ಸುಟ್ಟು ಹಾಕಿದ್ದು ಅದಕ್ಕೆ. "ಇದೆಂತ ಅಜ್ಜಿ, ಅಜ್ಜನಿಗೆ ಇಷ್ಟೇಯಾ?" ಎಂದು ನೀವು ಕೇಳಿದಿರಿ. ನಾನು ಒಳಗೆ ಹೋದೆ. ಬಡಿಸಿದ್ದು ಮೀಸೆ ಬಾರದ ಒಬ್ಬ ಹುಡುಗನಿಗೆ. ಅವನನ್ನು ನಾನು ನೋಡಿಯೇ ಇಲ್ಲ. ನನ್ನ ಗಂಡನಿಗೆ ಏನು ಬಡಿಸಬೇಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಈ ಹಾಳೆಗಳನ್ನು ಒದ್ದೆಯಾಗದ ಜಾಗದಲ್ಲಿ ಇಡಿ ಮಕ್ಕಳೇ. ಅಂಚಿನಲ್ಲಿ ಜಾಗ ಬಿಟ್ಟಿದ್ದೇನೆ. ಅವರ ಜೊತೆ ಕೆಲಸ ಮಾಡಿದವರು, ಒಟ್ಟಿಗೆ ಉಂಡವರು ಯಾರಾದರೂ ಎಂದಾದರೂ ಸಿಕ್ಕಿದರೆ, ನಾಚದೆ ಕೇಳಿ ಅಲ್ಲಿ ಬರೆಯಿರಿ.