ಚಿಕ್ಕಮಾವನ ಸೋಡಾ ಮಾರ್ಕು

ನಮ್ಮ ಚಿಕ್ಕಮಾವ ಮರುಳಸಿದ್ದಯ್ಯನವರು ನೆಟ್ಟಗೆ ಕೂತದ್ದನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿಯೇ ಇಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಮೇಲೆತ್ತಿಕೊಂಡು, ಈಗಲೇ ಎದ್ದುಬಿಡುವವರ ಹಾಗೆ. ತಿಪಟೂರಿನಲ್ಲಿ ಅವರದೊಂದು ಸೋಡಾ ಫ್ಯಾಕ್ಟರಿ. ಫ್ಯಾಕ್ಟರಿ ಅಂದರೆ ಏನೋ ಅಂದುಕೊಳ್ಳಬೇಡಿ. ನಮ್ಮ ಹಿತ್ತಿಲಿಗೆ ಅಂಟಿಕೊಂಡ ಹಳೇ ದನದ ಕೊಟ್ಟಿಗೆ, ಒಂದು ಬಾವಿ, ಒಂದು ಗ್ಯಾಸಿನ ಸಿಲಿಂಡರು, ಕೈಯಲ್ಲಿ ತಿರುಗಿಸುವ ಒಂದು ಮಿಷನ್ನು. ಅಣ್ಣತಮ್ಮಂದಿರು ಪಾಲಾದಾಗ ನಮ್ಮ ಮಾವನವರಿಗೆ ಕೊಬ್ಬರಿ ಮಂಡಿ ಬಂತು, ಇವರಿಗೆ ಕೊಟ್ಟಿಗೆ ಮತ್ತು ಬಾವಿ. ನೀರು ಬಂತಲ್ಲ ಅಂತ ಇವರು ಸೋಡಾ ಶುರು ಮಾಡಿದರು.

ಮಿಷನ್ನು ತಿರುಗುವಾಗ ಒಮ್ಮೊಮ್ಮೆ ಒಳಗೇ ಬಾಟಲಿ ಢಬ್ಬೆಂದು ಒಡೆಯುತ್ತಿತ್ತು. ಒದ್ದೆ ಗೋಣಿ ಹೊದಿಸಿರುತ್ತಿದ್ದರು, ನಿಜ. ಆದರೂ ನನ್ನ ಮಗಳು ಆಗಷ್ಟೇ ಅಂಬೆಗಾಲಿಡುತ್ತಿದ್ದಳು. ಸದ್ದು ಕೇಳಿದಾಗಲೆಲ್ಲ ನಾನು ಓಡಿಹೋಗಿ ಅವಳ ಅಂಗೈ, ಮೊಣಕಾಲು ತಡವಿ ನೋಡುತ್ತಿದ್ದೆ. ಹಿತ್ತಿಲನ್ನು ದಿನಕ್ಕೆ ಎಷ್ಟು ಸಲ ಗುಡಿಸಿದರೂ ನನಗೆ ಸಮಾಧಾನವಿರಲಿಲ್ಲ. "ಗಾಜು ಮಕ್ಕಳ ಕಂಡ್ರೆ ಓಡ್ಹೋಯ್ತದೆ ಕಣವ್ವಾ, ಹೆದ್ರಬ್ಯಾಡ" ಅನ್ನುತ್ತಿದ್ದರು ಚಿಕ್ಕಮಾವ. ಅದನ್ನು ಕೇಳಿ ಧೈರ್ಯ ತಂದುಕೊಳ್ಳುವುದು ಹೇಗೆ?

ಕಪ್ಪು ಪಾನಕದ ಪರದೇಶಿ ಕಂಪನಿ ಹೋದ ವರ್ಷ ನಮ್ಮ ದೇಶ ಬಿಟ್ಟು ಹೋಯಿತಲ್ಲ, ಈ ಬೇಸಿಗೆಯಲ್ಲಿ ಶುರುವಾದದ್ದು ಇದು. ಅಂಗಡಿಗಳಲ್ಲಿ ಜಾಗ ಖಾಲಿಯಾಗಿದೆ, ನಾನು ಹೋಗಿ ಕೂರುತ್ತೇನೆ ಅಂತ ಚಿಕ್ಕಮಾವನಿಗೆ ಹುರುಪು ಬಂತು. ಶುಂಠಿ ಜಜ್ಜಿ ಕುದಿಸಿ, ಬೆಲ್ಲ ನಿಂಬೆಹುಳಿ ಸೇರಿಸಿ, ಗ್ಯಾಸು ತುಂಬಿ ಒಂದು ಶುಂಠಿ ಸೋಡಾ ಮಾಡಿದರು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ಗೋಲಿ ಬಾಟಲಿ ಬೇಡ, ತಗಡಿನ ಮುಚ್ಚಳದ ಬಾಟಲಿಯೇ ಆಗಬೇಕು, ಅದರ ಮೇಲೆ ಚೀಟಿ ಇರಬೇಕು, ಚೀಟಿಯ ಮೇಲೆ ಮಾರ್ಕು ಇರಬೇಕು ಅಂದರು. ಊರಿನ ಸೋಡಾ ಬಾಟಲಿಗಳೆಲ್ಲ ಒಂದೇ ಥರ. ಯಾರದ್ದೋ ಬಾಟಲಿಯಲ್ಲಿ ನೊಣ ಸಿಕ್ಕರೆ ಬೈಗುಳ ಇವರಿಗೆ ಬರುತ್ತಿತ್ತು.

"ನೀನು ಬೆಂಗಳೂರಲ್ಲಿ ಚಿತ್ರದ ಪರೀಕ್ಷೆ ಪಾಸು ಮಾಡಿದೀಯಂತಲ್ಲವ್ವ? ನಂಗೊಂದು ಮಾರ್ಕು ಬರ್ದುಕೊಡು" ಎಂದು ಬಾಗಿಲಲ್ಲಿ ನಿಂತೇ ಕೇಳಿದರು.

"ಎಂಥದು ಬರೀಲಿ ಚಿಕ್ಕಮಾವ?"

"ಒಂದು ಗುಂಡನೆ ಕಾಯಿ. ಅದ್ರಲ್ಲಿ ಮೂರು ಕಣ್ಣು."

ಅದು ನಮ್ಮ ಮಾವನವರ ಮಂಡಿಯ ಮಾರ್ಕು, ಮುಕ್ಕಣ್ಣು ಮಾರ್ಕು. ಇಲ್ಲಿ ಕೊಬ್ಬರಿ ಮಂಡಿಗೆ ಹೆಸರಿಗಿಂತ ಮಾರ್ಕು ದೊಡ್ಡದು. ತಗಡಿನಲ್ಲಿ ಅಚ್ಚು ಕೊರೆದು, ಮೂಟೆಯ ಮೇಲಿಟ್ಟು ಮಸಿ ಬಳಿಯುತ್ತಾರೆ. ಡೆಲ್ಲಿಯಲ್ಲಿ ಓದು ಬಾರದ ಹಮಾಲಿಯೂ ಅದನ್ನು ನೋಡಿ ಇದು ಇಂಥವರ ಮಾಲು ಅನ್ನುತ್ತಾನೆ. ಹೊಲ, ತೋಟ, ಪಾತ್ರೆ ಎಲ್ಲವನ್ನೂ ಎರಡು ಮಾಡಬಹುದು, ಮಾರ್ಕನ್ನು ಎರಡು ಮಾಡುವಂತಿಲ್ಲ. ಅದು ಹಿರಿಯವನಿಗೆ ಹೋಗುತ್ತದೆ.

"ಮಾವಯ್ಯ ಏನಂತಾರೋ..." ಎಂದೆ.

"ನಾನೂ ಆ ಮಾರ್ಕಿನ ಕೆಳಗೇ ಹುಟ್ಟಿದೋನು ಕಣವ್ವ. ಚಡ್ಡಿ ಹಾಕ್ಕೊಂಡಿದ್ದಾಗ್ಲಿಂದ ತಗಡು ಹಿಡಿದು ಮಸಿ ಬಳಿದೋನು. ಬಟ್ಟೆಗೆಲ್ಲ ಮಸಿ ಮಾಡ್ಕೊಂಡು ಅವ್ವನ ಕೈಲಿ ಹೊಡೆತ ತಿಂದೋನು. ಈಗ ಬೀದೀಲಿ ನನ್ನ ಏನಂತ ಕರೀತಾರೆ ಗೊತ್ತಾ? ಸೋಡಾ ಸಿದ್ದಯ್ಯ. ನಾನು ಇಂಥ ಮನೆಯೋನು ಅಂತ ಹೊಸಬ್ರಿಗೆ ಗೊತ್ತೇ ಇಲ್ಲ."

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮಗು ಮಲಗಿದ್ದಾಗ ಬರೆದೆ. ದುಂಡು ಸ್ವಲ್ಪ ಸೊಟ್ಟಗಿದೆ ಅಂದರು, ಇನ್ನೊಂದು ಬರೆದೆ. ಕಣ್ಣು ದೊಡ್ಡದಾಯ್ತು, ಕಾಯಿ ಹೆದರಿಕೊಂಡ ಹಾಗಿದೆ ಅಂದರು. ಚಿಕ್ಕದು ಮಾಡಿದೆ, ಈಗ ನಿದ್ದೆಗಣ್ಣು ಅಂದರು. ಕಾಗದವನ್ನು ಬಾಟಲಿಗೆ ಮೈದಾ ಅಂಟಿನಿಂದ ಅಂಟಿಸಿ, ಕಿಟಕಿಯಲ್ಲಿಟ್ಟು, ಬೀದಿಯ ಕೊನೆವರೆಗೆ ನಡೆದುಹೋಗಿ ತಿರುಗಿ ನೋಡುತ್ತಿದ್ದರು. ಬಾಟಲಿಯನ್ನು ತಣ್ಣೀರ ತೊಟ್ಟಿಯಲ್ಲಿ ಮುಳುಗಿಸಿ ಬಣ್ಣ ಬಿಡುತ್ತದೋ ಅಂತ ಪರೀಕ್ಷೆ ಮಾಡುತ್ತಿದ್ದರು. ಬಿಡುತ್ತಿತ್ತು. ಮತ್ತೆ ನನ್ನ ಬಾಗಿಲಿಗೆ ಬರುತ್ತಿದ್ದರು.

ಹೀಗೆ ಕಿಟಕಿಯಲ್ಲಿದ್ದ ಬಾಟಲಿ ಒಂದು ದಿನ ಮಾವನವರ ಕಣ್ಣಿಗೆ ಬಿತ್ತು.

ನಮ್ಮ ಮಾವ ಶಂಭುಲಿಂಗಯ್ಯನವರು ಕೂಗಾಡುವವರಲ್ಲ. ಪಾಲಾದ ಮೇಲೆ ತಮ್ಮನ ಜೊತೆ ನೇರ ಮಾತೂ ಇರಲಿಲ್ಲ. ಹೇಳುವುದೇನಿದ್ದರೂ ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಿತ್ತಿಲಿಗೆ ಕೇಳುವಂತೆ ಅವಳಿಗೆ ಹೇಳುತ್ತಿದ್ದರು.

"ಕೇಳಿದೇನ್ ಮಗಾ, ನಮ್ಮನೆ ಮುಕ್ಕಣ್ಣು ಇನ್ಮೇಲೆ ಬ್ರಾಂದಿ ಅಂಗಡಿ ಮೇಜಿನ ಮೇಲೆ ಕೂರ್ತದಂತೆ. ಮುಂದೆ ಕಡಲೆಬೀಜ ಇಟ್ಟು ನೈವೇದ್ಯ ಮಾಡ್ತಾರಂತೆ."

ಕೊಟ್ಟಿಗೆಯಲ್ಲಿ ಮಿಷನ್ನು ನಿಂತಿತು. "ಮಗಾ, ನಿಮ್ಮಜ್ಜನ್ನ ಒಂದ್ಮಾತು ಕೇಳು. ಡೆಲ್ಲಿಗೆ ಹೋದ ಮೂಟೆ ಮೇಲೆ ಯಾರ್ಯಾರು ಕೂತು ಬೀಡಿ ಸೇದ್ತಾರೆ ಅಂತ ಅವರೇನು ನೋಡ್ಕಂಬಂದವ್ರಾ?"

"ಮೂಟೆ ಮೇಲೆ ಕೂತ್ಕೊಂಡ್ರೆ ಕೂತ್ಕೊಳ್ಳಿ ಮಗಾ, ಎಂಜಲು ಬಾಯಿ ಯಾರೂ ಇಡಲ್ಲ ಅಂತ ಹೇಳು."

ಅಜ್ಜಂದಿರಿಬ್ಬರೂ ತನ್ನನ್ನೇ ಮಾತಾಡಿಸುತ್ತಿದ್ದಾರೆ ಅಂತ ಮಗಳು ಕುಣಿದು ಕೇಕೆ ಹಾಕಿದಳು. ಬರೆದವಳು ನಾನು ಅಂತ ಮಾವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅವರು ನನ್ನ ಕಡೆ ನೋಡಲೂ ಇಲ್ಲ. ನೋಡಿ ಬೈದಿದ್ದರೇ ವಾಸಿಯಿತ್ತು.

ಚಿಕ್ಕಮಾವ ಮೂರು ಕಣ್ಣನ್ನು ಬಿಟ್ಟರು, ಕಾಯನ್ನು ಬಿಡಲಿಲ್ಲ. ಮರುದಿನ ಬೆಳಗ್ಗೆಯೇ ಬಂದರು. "ಮೊಳಕೆ ಒಡೆದ ಕಾಯಿ ಬರಿಯವ್ವ. ಎರಡು ಗರಿ ಮೇಲೆ ಬಂದಿರ್ಬೇಕು. ದೊಡ್ಡ ಮರದ ಕಾಯಿ, ಹೊಸ ಸಸಿ. ಇದಕ್ಕೆ ಯಾರೇನಂತಾರೆ?"

ನನಗೂ ಅದು ಹಿಡಿಸಿತು. ಚಿತ್ರಕ್ಕೆ ಒಪ್ಪುವಂಥದ್ದು ಅದು, ಹಸಿರು ಗರಿ, ಕಂದು ಕಾಯಿ. ಬರೆದುಕೊಟ್ಟೆ. ಚಿಕ್ಕಮಾವ ತಡೆದುಕೊಳ್ಳುವವರೇ? ಚಿಕ್ಕತ್ತೆ ಕಲ್ಲಮ್ಮ ಅರಳಗುಪ್ಪೆಯ ತವರಿಗೆ ಹೋಗಿದ್ದರು, ಅವರು ಬರುವ ತನಕವೂ ಕಾಯಲಿಲ್ಲ. ಈರಣ್ಣನ ಪ್ರೆಸ್ಸಿಗೆ ಓಡಿ ಒಂದಷ್ಟು ಚೀಟಿ ಅಚ್ಚು ಹಾಕಿಸಿ, ಬಾಟಲಿಗಂಟಿಸಿ, ಬಸ್‌ಸ್ಟ್ಯಾಂಡಿನ ಹುಚ್ಚಣ್ಣನ ಅಂಗಡಿಯಲ್ಲಿ ಸಾಲಾಗಿ ಇಡಿಸಿಯೇಬಿಟ್ಟರು.

ಸಂಜೆ ಬಾಟಲಿಗಳ ಕ್ರೇಟು ಹೊತ್ತುಕೊಂಡು ವಾಪಸು ಬಂದಾಗ ಅವರ ಮುಖ ಬಾಡಿಹೋಗಿತ್ತು. ಅಷ್ಟರಲ್ಲಿ ಚಿಕ್ಕತ್ತೆಯೂ ಬಸ್ಸಿಳಿದು ಬಂದು ಬಾವಿಕಟ್ಟೆಯ ಮೇಲೆ ಕೂತು ಕಾಲು ತೊಳೆಯುತ್ತಿದ್ದರು.

"ಏನಂದ ಹುಚ್ಚಣ್ಣ?" ಅಂದರು.

"ಏನೂ ಇಲ್ಲ ಬುಡು."

"ನಂಗೆ ದಾರೀಲೇ ಹೇಳಿದ್ರು. 'ಮೊಳೆತ ಕಾಯೊಳಗೆ ನೀರೆಲ್ಲಿ ಇದ್ದಾತು ಸಿದ್ದಯ್ನೋರೇ, ಖಾಲಿ ಬಾಟ್ಲಿ ಮಾರ್ತೀರಾ' ಅಂದ್ನಂತೆ. ಬಸ್ಸಲ್ಲಿದ್ದೋರೆಲ್ಲ ನಗಾಡ್ತಿದ್ರು." ಚಿಕ್ಕತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಆದರೂ ನಗು ತಡೆಯಲಾಗಲಿಲ್ಲ. "ಅಲ್ಲಾ ಕಣ್ರೀ, ಕೊಬ್ಬರಿ ಮನೇಲಿ ಹುಟ್ಟಿ ನಿಮಗೆ ಅಷ್ಟೂ ಹೊಳೀಲಿಲ್ವಾ?"

"ಕೊಬ್ಬರಿ ಮನೇಲಿ ಹುಟ್ಟಿದ್ದಕ್ಕೇ ಹೊಳೀಲಿಲ್ಲ ಕಣೇ."

ಅದೂ ನಿಜ. ಇವರ ಮನೆಯಲ್ಲಿ ಕಾಯನ್ನು ಅಟ್ಟಕ್ಕೆ ಹಾಕಿ, ವರ್ಷಗಟ್ಟಲೆ ಬಿಟ್ಟು, ಒಳಗಿನ ನೀರು ಬತ್ತಿ ಕೊಬ್ಬರಿ ಗಿಟುಕು ಲೊಡಲೊಡ ಅನ್ನುವವರೆಗೂ ಕಾಯುತ್ತಾರೆ. ಕಾಯೊಳಗೆ ನೀರಿಲ್ಲ ಅಂದರೆ ಈ ಮನೆಯವರಿಗೆ ಖುಷಿ.

"ನಿಮ್ಮಣ್ಣನ ಕಸುಬು ನೀರು ಬತ್ತಿಸೋದು, ನಿಮ್ಮ ಕಸುಬು ನೀರು ಮಾರೋದು" ಅಂದರು ಚಿಕ್ಕತ್ತೆ. "ಆ ಕಾಯಿ ಸಾವಾಸ ಬುಟ್ಟಾಕಿ ಅತ್ಲಾಗೆ."

ಚಿಕ್ಕಮಾವ ಹಿತ್ತಿಲಲ್ಲಿ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡಾಡಿದರು. ಆಮೇಲೆ ಏನನ್ನಿಸಿತೋ, ತುಂಡು ಪಂಚೆ ಸರಿಮಾಡಿಕೊಂಡು ಸೀದಾ ನಮ್ಮ ಮನೆಯ ಜಗುಲಿಗೆ ಬಂದರು. ಮಾವನವರು ಅಲ್ಲಿ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸುತ್ತಿದ್ದರು. ನಾನು ಬಾಗಿಲ ಒಳಗೆ ಮಗುವಿಗೆ ರಾಗಿಸರಿ ತಿನ್ನಿಸುತ್ತಿದ್ದೆ.

"ಅಣ್ಣಾ," ಅಂದರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. "ನಂಗೆ ಆ ಮಾರ್ಕು ಬೇಕು. ಕೊಡ್ತೀಯೋ ಇಲ್ವೋ, ಬಾಯ್ಬುಟ್ಟು ಹೇಳ್ಬುಡು."

ಮಾವನವರು ಕೈಲಿದ್ದ ಕಾಯನ್ನು ಇನ್ನೊಂದು ಸಲ ಅಲ್ಲಾಡಿಸಿದರು. "ಬಸ್‌ಸ್ಟ್ಯಾಂಡಲ್ಲಿ ನಕ್ರಂತೆ."

"ನಕ್ರು."

"ನಿನ್ನ ನೋಡಿ ನಕ್ರು ಅಂದ್ಕಂಡ್ಯೇನ್ಲಾ? ಶಂಭುಲಿಂಗಯ್ಯನ ತಮ್ಮ ನೋಡು, ಮೊಳೆತ ಕಾಯಿ ಬರೆಸವ್ನೆ ಅಂತ ನಕ್ಕವ್ರೆ. ಮಂಡೀಲಿ ಕೂತು ನಾನೇ ಕೇಳಿಸ್ಕಂಡೆ." ಕಾಯನ್ನು ಬುಟ್ಟಿಗೆ ಹಾಕಿದರು. "ಹಾಕ್ಕೋ ಹೋಗು. ಮೂರು ಕಣ್ಣೂ ಹಾಕ್ಕೋ."

ಚಿಕ್ಕಮಾವ ಹೆಗಲ ಮೇಲಿನ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು ಹೊರಟುಹೋದರು.

ಮರುದಿನ ನಾನು ಹಳೆಯ ಮುಕ್ಕಣ್ಣಿನ ಚಿತ್ರಗಳನ್ನೆಲ್ಲ ಹುಡುಕಿ, ಅದರಲ್ಲಿ ಚೆಂದದ್ದೊಂದನ್ನು ತಿದ್ದಿ ಕಾಯುತ್ತಿದ್ದೆ. ಬಂದರು, ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು, ವಾಪಸು ಕೊಟ್ಟರು.

"ಶುಂಠಿ ಬರೀತೀಯಾ?"

"ಶುಂಠೀನಾ?"

"ಶುಂಠಿ ಸೋಡಾಗೆ ಶುಂಠಿ. ಇನ್ನೇನವ್ವ ಮತ್ತೆ?"

"ಮಾವಯ್ಯ ಕೊಟ್ರಲ್ಲ ಚಿಕ್ಕಮಾವ!"

"ಕೊಟ್ಟ. ಊರೋರೂ ಅವನ ತಮ್ಮ ಅಂದ್ರು, ಅವನೂ ತನ್ನ ಬಾಯಲ್ಲೇ ತಮ್ಮ ಅಂದ. ಇನ್ನು ಅದನ್ನ ಬಾಟ್ಲಿಗೆ ಯಾಕೆ ಅಂಟಿಸ್ಲಿ?"

ಶುಂಠಿ ಬರೆಯುವುದು ಕಾಯಿಯಷ್ಟು ಸುಲಭವಲ್ಲ. ಒಂದು ಸಲ ಕರಡಿಯ ಪಾದದ ಹಾಗೆ ಬಂತು, ಇನ್ನೊಂದು ಸಲ ಬಾತುಕೊಂಡ ಕೈ. ಚಿಕ್ಕತ್ತೆ ಅಡಿಗೆಮನೆಯಿಂದ ಶುಂಠಿಗಳನ್ನು ಮಡಿಲಲ್ಲಿ ತಂದು ಸುರಿದು, ಇದಲ್ಲ, ಇದು, ಇದೂ ಅಲ್ಲ ಅಂತ ಆರಿಸಿದರು. ಮಗಳು ಒಂದನ್ನು ಬಾಯಿಗಿಟ್ಟುಕೊಂಡು ಊರೆಲ್ಲ ಕೇಳುವ ಹಾಗೆ ಅತ್ತಳು. ಕೊನೆಗೆ ಎರಡು ಕವಲಿನ, ಕೊಂಚ ಬಾಗಿದ ಒಂದು ಗೆಡ್ಡೆ ಎಲ್ಲರಿಗೂ ಒಪ್ಪಿಗೆಯಾಯಿತು. ಕಪ್ಪು ಗೀಟು, ಒಳಗೆ ಹಳದಿ, ಅಷ್ಟೇ.

ಅಚ್ಚಿಗೆ ಕಳಿಸುವ ಹೊತ್ತಿಗೆ ಮಾವನವರು ನನ್ನ ಬಳಿ ಬಂದರು. ಅವರು ಹೀಗೆ ನನ್ನನ್ನು ಹುಡುಕಿಕೊಂಡು ಬಂದವರಲ್ಲ. ಗಂಟಲು ಸರಿಮಾಡಿಕೊಂಡು, ಹಾಳೆಯನ್ನು ನೋಡಿಯೂ ನೋಡದ ಹಾಗೆ ನೋಡಿ, "ಕೊಟ್ರೂ ಬೇಡ ಅಂದ್ನಂತೆ" ಎಂದರು.

ಹಾಳೆಯ ಮೂಲೆಗೆ ಬೆರಳಿಟ್ಟರು.

"ಇದ್ರ ಕೆಳಗೆ, ಮೂಲೇಲಿ... ಕಾಣದ ಹಾಗೆ, ಮೂರು ಚುಕ್ಕಿ ಇಡಾಕಾಯ್ತದಾ? ಅವನಿಗೆ ಹೇಳಬ್ಯಾಡ."

ಹೇಳದೆ ಇಟ್ಟರೆ ಚಿಕ್ಕಮಾವನಿಗೆ ಮೋಸ, ಇಡದೆ ಬಿಟ್ಟರೆ ಮಾವನಿಗೆ ಬೇಸರ. ಮಧ್ಯಾಹ್ನವೆಲ್ಲ ಕುಂಚ ಹಿಡಿದು ಕೂತೆ, ಒಂದು ಚುಕ್ಕೆಯನ್ನೂ ಇಡಲಾಗಲಿಲ್ಲ. ಕೊನೆಗೆ ತಡೆಯಲಾರದೆ ಹೋಗಿ ಚಿಕ್ಕಮಾವನಿಗೆ ಇದ್ದದ್ದನ್ನು ಹೇಳಿಬಿಟ್ಟೆ. ಬಾಟಲಿ ತೊಳೆಯುತ್ತಿದ್ದವರು ತಲೆ ಎತ್ತಲಿಲ್ಲ.

"ನಾನು ಹೋಗಿ ಕೇಳ್ಲಿಲ್ವಾ? ಅವನೂ ಬಂದು ಕೇಳ್ಲಿ."

ಅದನ್ನು ಹಾಗೇ ಮಾವನಿಗೆ ತಲುಪಿಸಿದೆ. ಅವರು ಸಿಟ್ಟಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡರು, ಬಿಟ್ಟರು, ಮತ್ತೆ ಮೆಟ್ಟಿಕೊಂಡರು. ಪಾಲಾದ ಮೇಲೆ ಆ ಕೊಟ್ಟಿಗೆಗೆ ಕಾಲಿಡದವರು ಹಿತ್ತಿಲ ಬಾಗಿಲು ತೆಗೆದು ಹೋದರು.

ನಾನು ಮಗುವನ್ನು ಕಂಕುಳಲ್ಲಿ ಒತ್ತಿ ಹಿಡಿದು ಬಾವಿಯ ಈಚೆಗೆ ನಿಂತೆ.

"ಲೇ ಸಿದ್ದಾ."

"ನೋಡ್ಕಂಡ್ ಬಾ, ಗಾಜೈತೆ."

"ಆ ಶುಂಠಿ ಕೆಳಗೆ..."

"ಬ್ರಾಂದಿ ಅಂಗಡಿ ಮೇಜಿನ ಮೇಲೆ ಕೂರ್ತದೆ. ಆಮೇಲೆ ನನ್ನ ಅನ್ನಬ್ಯಾಡ."

"ಕೂತ್ಕಳ್ಳಿ ಬುಡ್ಲಾ. ನೀನು ಮೊದ್ಲು ಎಲ್ಲಿ ಇಡ್ತೀಯ ಹೇಳು. ಎಡಕ್ಕಾ ಬಲಕ್ಕಾ?"

"ಎಡಕ್ಕೆ."

"ಎಡಕ್ಕೆ ಯಾಕ್ಲಾ? ಬಲಕ್ಕಿಡು."

ಅದು ಇನ್ನೂ ತೀರ್ಮಾನವಾಗಿಲ್ಲ. ಈರಣ್ಣ ಪ್ರೆಸ್ಸಿನಿಂದ ಎರಡು ಸಲ ಹೇಳಿ ಕಳಿಸಿದ. ನಾನು ಒಂದು ಹಾಳೆಯಲ್ಲಿ ಎಡಕ್ಕೆ, ಒಂದರಲ್ಲಿ ಬಲಕ್ಕೆ ಚುಕ್ಕೆಯಿಟ್ಟು, ಎರಡನ್ನೂ ಮಗಳ ಕೈಗೆ ಸಿಗದಂತೆ ಗೋಡೆಯ ಮೇಲಿನ ಗೂಡಿನಲ್ಲಿಟ್ಟಿದ್ದೇನೆ. ಇಬ್ಬರೂ ದಿನಾ ಒಬ್ಬರಾದ ಮೇಲೊಬ್ಬರು ಬಂದು ತೆಗೆದು ನೋಡುತ್ತಾರೆ, ಇನ್ನೊಬ್ಬರದ್ದರಲ್ಲಿ ತಪ್ಪು ಹುಡುಕುತ್ತಾರೆ, ಆಮೇಲೆ ಅದನ್ನು ಹೇಳಲು ಕೊಟ್ಟಿಗೆಗೋ ಜಗುಲಿಗೋ ಹೋಗುತ್ತಾರೆ.