ಸಿಕ್ಕಿದ್ದಲ್ಲ, ಕದ್ದದ್ದು

ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವವರಿಗೆ ಊಟ ಹಾಕುವ ಪದ್ದು ಏಳು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವನು. ಆ ಕೆಲಸ ತನ್ನದಾಗಬೇಕಿರಲಿಲ್ಲ ಎಂಬುದು ಬಹಳ ಕಾಲ ಅವನೊಬ್ಬನಿಗೇ ಗೊತ್ತಿತ್ತು.

೧೯೯೭ರಲ್ಲಿ ಅವನೂ ತಲ್ಲೂರಿನ ಕುಷ್ಟನೂ ಮುಂಬಯಿಯ ಒಂದು ಕ್ಯಾಂಟೀನಿನಲ್ಲಿ ಅಡುಗೆಗಿದ್ದರು. ಒಂದೇ ಕೋಣೆ, ಒಂದೇ ಟ್ರಂಕು. ಇಬ್ಬರಲ್ಲಿ ಕುಷ್ಟನ ಕೈರುಚಿಯೇ ಮೇಲು. ಪದ್ದುವಿಗೆ ಮೀನು ಪದಾರ್ಥದ ಮಸಾಲೆಯ ಹದ ಕಲಿಸಿದವನೇ ಅವನು. ಇಬ್ಬರೂ ಹಡಗಿನ ಕೆಲಸಕ್ಕೆ ಏಜೆಂಟನೊಬ್ಬನಲ್ಲಿ ಹೆಸರು ಬರೆಸಿದ್ದರು. ಕುಷ್ಟನ ತಂಗಿ ಸೀತುವಿಗೆ ಬ್ರಹ್ಮಾವರದ ಕಡೆಯ ಒಂದು ಸಂಬಂಧ ಕೂಡಿಬಂದಿತ್ತು. ಅಣ್ಣ ಹಡಗಿಗೆ ಹೋಗುತ್ತಾನೆಂಬ ಮಾತಿನ ಮೇಲೆ ಗಂಡಿನವರು ಒಪ್ಪಿದ್ದರು.

ಜೂನ್ ತಿಂಗಳ ಒಂದು ಮಧ್ಯಾಹ್ನ ಕ್ಯಾಂಟೀನಿಗೆ ಫೋನು ಬಂತು. ಎತ್ತಿದವನು ಪದ್ದು. 'ಒಬ್ಬ ಅಡುಗೆಯವನು ತುರ್ತಾಗಿ ಬೇಕು, ನಾಳೆ ಹತ್ತು ಗಂಟೆಯೊಳಗೆ ಕುಷ್ಟನನ್ನು ಪಾಸ್‌ಪೋರ್ಟ್ ಸಮೇತ ಕಳಿಸಿ' ಎಂದು ಏಜೆಂಟ್ ಹೇಳಿದ. ಪದ್ದು "ಆಯ್ತು" ಎಂದು ಫೋನಿಟ್ಟ. ಕುಷ್ಟ ತರಕಾರಿ ತರಲು ಹೋಗಿದ್ದ. ಬಂದ ಮೇಲೆ ಹೇಳೋಣವೆಂದೇ ಅಂದುಕೊಂಡಿದ್ದೆ ಎಂದು ಪದ್ದು ಇವತ್ತಿಗೂ ಹೇಳುತ್ತಾನೆ.

ಕುಷ್ಟ ಬೆನ್ನ ಮೇಲಿನ ಚೀಲ ಇಳಿಸುತ್ತಲೇ ಕೇಳಿದ: "ಹ್ವಾಯ್ ಪದ್ದು, ನಂಗೆ ಫೋನ್ ಬಂದಿತ್ತಾ?"

"ಇಲ್ಲೆ ಮಾರಾಯ."

ಅಷ್ಟೇ. ಮಾರನೇ ದಿನ ಪದ್ದು ತನ್ನದೇ ಪಾಸ್‌ಪೋರ್ಟ್ ಹಿಡಿದು ಹೋದ. ಕುಷ್ಟ ಊರಿಗೆ ಹೋಗಿದ್ದಾನೆ, ಅವನ ಬದಲು ನಾನು ಬರುತ್ತೇನೆ ಎಂದ. ಏಜೆಂಟನಿಗೆ ಬೇಕಿದ್ದದ್ದು ಒಬ್ಬ ಅಡುಗೆಯವನು, ಯಾರಾದರೂ ಸರಿ. ಕುಷ್ಟನಿಗೆ ಪದ್ದು ಹೇಳಿದ್ದು, ನನ್ನ ಹೆಸರು ಬಂತು ಎಂದು.

"ಹೋಯ್ಲಿ ಬಿಡ್, ನಿಂಗಾರೂ ಸಿಕ್ಕ್ತಲೆ," ಎಂದ ಕುಷ್ಟ. ತಾನು ಹಡಗಿಗೆಂದು ಕೊಂಡಿಟ್ಟಿದ್ದ ಸ್ವೆಟರನ್ನು ಟ್ರಂಕಿನಿಂದ ತೆಗೆದು ಅವನ ಕೈಗಿಟ್ಟ. "ಅಲ್ಲಿ ಚಳಿ ಅಂಬ್ರ್. ಹುಷಾರ್."

ಕುಷ್ಟನಿಗೆ ಮತ್ತೆ ಕರೆ ಬರಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಸೀತುವಿನ ಸಂಬಂಧ ಮುರಿಯಿತು. ಹಡಗಿನ ಕೆಲಸವೆಂದು ಮಗ ಸುಳ್ಳು ಹೇಳಿ ನಂಬಿಸಿದ ಎಂದು ಅಣ್ಣತಂಗಿ ಅಬ್ಬಿ ಎನ್ನುತ್ತಿದ್ದ ಅವರ ತಾಯಿ ನಾಗು ಊರಿಡೀ ಬೈದಳು. ಕುಷ್ಟ ತಲ್ಲೂರಿಗೆ ಮರಳಿ ಹೋಟೆಲೊಂದರಲ್ಲಿ ಅಡುಗೆಗೆ ನಿಂತ. ಸೀತು ಗೇರುಬೀಜದ ಕಾರ್ಖಾನೆಗೆ ಸೇರಿದಳು. ಪದ್ದು ಪ್ರತಿ ರಜೆಯಲ್ಲೂ ಅವರ ಮನೆಗೆ ಹೋಗುತ್ತಿದ್ದ. ಹೋಗದಿದ್ದರೆ ಸಂಶಯ ಬಂದೀತೆಂಬ ಭಯ. ಹೋದರೆ ನಾಗುವಿನ ಮಾತು. "ನಿನ್ ಗೆಳೆಯನ್ ಕಂಡಾರೂ ಕಲಿ," ಎಂದು ಅವಳು ಅವನೆದುರೇ ಮಗನಿಗೆ ಹೇಳುವಳು. ಪದ್ದು ತಲೆ ತಗ್ಗಿಸಿ ಕೂರುವನು. ಅದನ್ನು ಅವರು ವಿನಯವೆಂದು ತಿಳಿದರು.

೨೦೦೪ರ ಜುಲೈಯಲ್ಲಿ ಹಡಗು ಜರ್ಮನಿಯ ಬಂದರು ಮುಟ್ಟುವ ಮುನ್ನಾದಿನ ಕಡಲು ಎದ್ದು, ಕುದಿಯುವ ಎಣ್ಣೆ ಪದ್ದುವಿನ ಬಲಗೈ ಮೇಲೆ ಬಿತ್ತು. ಅವನನ್ನು ಅಲ್ಲಿಯೇ ಆಸ್ಪತ್ರೆಗೆ ಸೇರಿಸಿ ಹಡಗು ಮುಂದೆ ಹೋಯಿತು. ನಾವಿಕರನ್ನು ನೋಡಿಕೊಳ್ಳುವ ಚರ್ಚಿನವರು ಗಾಯ ಆರುವ ತನಕ ಅವನನ್ನು ಒಳನಾಡಿನ ಹೋಲ್ಟ್‌ಕಪೆಲೆ ಎಂಬ ಹಳ್ಳಿಯಲ್ಲಿ, ಯಾತ್ರಿಕರು ತಂಗುವ ಮನೆಯಲ್ಲಿ ಇರಿಸಿದರು. ನಲವತ್ತು ಮನೆಗಳ ಹಳ್ಳಿ. ನಡುವೆ ಒಂದು ಇಗರ್ಜಿ, ಒಳಗೆ ಒಂದೂವರೆ ಗೇಣಿನ, ಮರದ ಮೇರಿಯಮ್ಮ. ಅಷ್ಟು ಚಿಕ್ಕ ಮೂರ್ತಿಗೆ ಬಸ್ಸು ಬಸ್ಸು ಜನ.

ಯಾತ್ರಿಕರಿಗೆ ಊರಿನ ಚರಿತ್ರೆ ಹೇಳುತ್ತಿದ್ದವಳು ಹೆಡ್ವಿಗ್ ಎಂಬ ಎಪ್ಪತ್ತು ದಾಟಿದ ಹೆಂಗಸು. ಹಿಂದೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಸುಮ್ಮನೆ ಕೂತಿರುತ್ತಿದ್ದ ಪದ್ದುವಿಗೆ ಅವಳು ಒಂದು ದಿನ ಬೀನ್ಸಿನ ನಾರು ತೆಗೆಯುತ್ತ ಆ ಕಥೆ ಹೇಳಿದಳು.

ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಆ ಸೀಮೆಯಲ್ಲಿ ಮೂವತ್ತು ವರ್ಷ ಯುದ್ಧ ನಡೆಯಿತು. ಸೈನಿಕರು ಹಳ್ಳಿಯನ್ನು ಸುಟ್ಟರು. ಉಳಿದವರನ್ನು ಪ್ಲೇಗು ಹಿಡಿಯಿತು. ಆಗ ಹೆನ್ರಿಕ್ ಎಂಬ ರೈತ, ಟೊಳ್ಳು ಬಿದ್ದ ಒಂದು ಲಿಂಡನ್ ಮರದೊಳಗೆ ತನಗೆ ಮೇರಿಯ ಮೂರ್ತಿ ಸಿಕ್ಕಿತೆಂದ. ಜನ ಸೇರಿದರು. ರೋಗ ಇಳಿಯಿತು. ದೂರದೂರದಿಂದ ಯಾತ್ರಿಕರು ಬಂದರು; ಇಗರ್ಜಿ ಎದ್ದಿತು, ಛತ್ರ ಎದ್ದಿತು, ಮೇಣದಬತ್ತಿಯ ಅಂಗಡಿಗಳೆದ್ದವು. ಊರು ಬದುಕಿತು. ಹೆನ್ರಿಕ್ ಸತ್ತು ಎಷ್ಟೋ ವರ್ಷದ ಮೇಲೆ ಅವನ ಮೊಮ್ಮಗನಿಗೆ ಅವನದೇ ಕೈಬರಹದ ಕಾಗದ ದೊರೆಯಿತು. ಮೂರ್ತಿ ಮರದಲ್ಲಿ ಸಿಕ್ಕಿದ್ದಲ್ಲ. ಗುಡ್ಡದ ಮೇಲಿನ ಇನ್ನೊಂದು ಹಳ್ಳಿಯಲ್ಲಿ ಪ್ಲೇಗಿನಿಂದ ಮನೆಮನೆಯಲ್ಲಿ ಹೆಣ ಬಿದ್ದಿದ್ದಾಗ, ಬಾಗಿಲು ತೆರೆದೇ ಇದ್ದ ಅವರ ಇಗರ್ಜಿಯಿಂದ ಅವನು ಹುಲ್ಲಿನ ಗಾಡಿಯಲ್ಲಿ ಅಡಗಿಸಿ ತಂದದ್ದು.

"ಮೊಮ್ಮಗ ಕಾಗದ ಸುಟ್ಟುಬಿಟ್ಟನೋ?" ಎಂದು ಪದ್ದು ಕೇಳಿದ.

"ಇಲ್ಲ. ಭಾನುವಾರ ಎಲ್ಲರ ಮುಂದೆ ಓದಿದ. ಅವನಿಗೆ ಕಲ್ಲು ಹೊಡೆದರು," ಎಂದಳು ಹೆಡ್ವಿಗ್.

ಕೊನೆಗೆ ಊರವರು ಮೂರ್ತಿಯನ್ನು ಹೊತ್ತು ಗುಡ್ಡ ಹತ್ತಿದರು. ಅಲ್ಲಿ ಉಳಿದಿದ್ದದ್ದು ಏಳೆಂಟು ಮನೆ. ನಿಲ್ಲಿಸಲು ಇಗರ್ಜಿಯೇ ಈಗ ನಮಗುಳಿದಿಲ್ಲ, ನೀವೇ ಇಟ್ಟುಕೊಳ್ಳಿ ಎಂದರು ಅವರು. ಆದರೆ ವರ್ಷಕ್ಕೊಮ್ಮೆ ಇಲ್ಲಿಗೆ ಹೊತ್ತು ತರಬೇಕು, ನಮ್ಮ ಬಾವಿಕಟ್ಟೆಯ ಹತ್ತಿರ ನಿಂತು ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ಅಂದಿನಿಂದ ಪ್ರತಿ ಸೆಪ್ಟೆಂಬರಿನಲ್ಲಿ ಆ ಯಾತ್ರೆ. ನಡುವೆ ಒಮ್ಮೆ ಸರಕಾರ ಮೆರವಣಿಗೆ ನಿಷೇಧಿಸಿದಾಗ ಹೆಂಗಸರು ಬ್ರೆಡ್ಡಿನ ಬುಟ್ಟಿಯಲ್ಲಿ ಮೂರ್ತಿಯನ್ನಿಟ್ಟು ಒಯ್ದಿದ್ದರಂತೆ.

ಆ ವರ್ಷ ಪದ್ದುವೂ ಜೊತೆಗೆ ಗುಡ್ಡ ಹತ್ತಿದ. ಹೇಳುವ ಸರದಿ ಹೆಡ್ವಿಗ್‌ಳದು. ಬಾವಿಕಟ್ಟೆಯ ಬಳಿ ನಿಂತು ಅವಳು ಒಂದೇ ಮಾತು ಹೇಳಿದಳು. ಏನೆಂದಳೆಂದು ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ತಿಳಿಸಿದಳು: ಇದು ನಮಗೆ ಸಿಕ್ಕಿದ್ದಲ್ಲ, ಕದ್ದದ್ದು. ಇಳಿಯುವಾಗ ಪದ್ದು ಅರ್ಧದಲ್ಲೇ ದಾರಿಯ ಬದಿಗೆ ಕೂತುಬಿಟ್ಟ. ಕೈನೋವೆಂದು ತಿಳಿದು ಯಾರೋ ನೀರು ಕೊಟ್ಟರು.

ನವೆಂಬರಿನಲ್ಲಿ ಊರಿಗೆ ಬಂದವನು ಎರಡನೇ ದಿನವೇ ತಲ್ಲೂರಿಗೆ ಹೋದ. ಕುಷ್ಟ ಹೋಟೆಲಿನ ಹಿಂದೆ ತೆಂಗಿನಕಾಯಿ ಸುಲಿಯುತ್ತಿದ್ದ. ಪದ್ದು ನಿಂತೇ ಎಲ್ಲ ಹೇಳಿದ. ಕುಷ್ಟ ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದು ಬುಟ್ಟಿಗೆ ಹಾಕಿದ. ಅವನ ದನಿ ಏರಲಿಲ್ಲ.

"ಅಬ್ಬಿಗ್ ಹೇಳ್ಬೇಡ. ಏಳ್ ವರ್ಷ ನನ್ನ ಬೈದದ್ದ್ ಸುಮ್ನೆ ಅಂದ್ ಗೊತ್ತಾರೆ ಅವ್ಳ್ ತಡ್ಕಂತಿಲ್ಲೆ. ಸೀತುಗೂ ಬೇಡ. ಹಣೆಬರಹ ಅಂದ್ಕಂಡ್ ಹೆಂಗೋ ಇದ್ದಳ್."

"ಮತ್ ನಾನ್ ಎಂತ ಮಾಡ್ಕ್ ಕುಷ್ಟ?"

"ಹೇಳಿ ನಿಂಗ್ ಹಗುರ ಆಯ್ತ್ ಕಾಣತ್ತ್. ನಂಗ್ ಆಯ್ಲಿಲ್ಲ," ಎಂದು ಕುಷ್ಟ ಮತ್ತೊಂದು ಕಾಯಿ ಎತ್ತಿಕೊಂಡ. "ಮನಿಗ್ ಬಪ್ದ್ ಬಿಡ್ಬೇಡ. ಬಿಟ್ರೆ ಅಬ್ಬಿ ಕೇಂತಳ್."

ಹಾಗೆ ಪದ್ದು ಹೋಗುತ್ತಲೇ ಇದ್ದ. ಸುಟ್ಟ ಕೈಯ ಬೆರಳು ಸರಿಯಾಗಿ ಮಡಚದೆ ಹಡಗಿನ ಕೆಲಸ ತಪ್ಪಿ, ಹಂಗಾರಕಟ್ಟೆಯಲ್ಲೇ ಊಟದ ಕ್ಯಾಂಟೀನು ಹಾಕಿದ. ನಾಗು ಮಗನನ್ನು ಬೈಯುವುದು ನಿಲ್ಲಲಿಲ್ಲ. ೨೦೦೯ರಲ್ಲಿ, ಕಾಯಿಲೆ ಬಿದ್ದು ಮಾತು ನಿಲ್ಲುವ ಮೊದಲಿನ ದಿನವೂ ಅವಳು "ಇವ್ನ್ ಒಂದ್ ಸುಳ್ಳಿಂದ ಹೆಣ್ಣಿನ್ ಬದ್ಕ್ ಹೋಯ್ತ್" ಎಂದಳು. ಪದ್ದು ಮಂಚದ ಪಕ್ಕದಲ್ಲೇ ಇದ್ದ. ಕುಷ್ಟ ಅವನನ್ನು ನೋಡಿದ, ನೋಡಿ ಬಾಯಿ ಬಿಡಬೇಡ ಎಂಬಂತೆ ತಲೆಯಾಡಿಸಿದ. ಅವಳು ಸತ್ಯ ತಿಳಿಯದೇ ಹೋದಳು. ಫೋನಿನ ಸುಳ್ಳಿಗಿಂತ ಆ ಗಳಿಗೆಯ ಮೌನ ದೊಡ್ಡ ತಪ್ಪೆಂದು ಪದ್ದುವಿಗೆ ಈಗಲೂ ಅನಿಸುತ್ತದೆ.

ಮರುವರ್ಷ ಒಂದು ಭಾನುವಾರ ಸೀತುವೇ ಕೇಳಿದಳು: "ಪದ್ದಣ್ಣ, ನೀವ್ ಕೈ ಸುಟ್ಕಂಡ್ ಇದ್ದ ಊರ್ ಎಂತದ್?" ಕುಷ್ಟ ಮನೆಯಲ್ಲಿರಲಿಲ್ಲ. ಪದ್ದು ಹಳ್ಳಿಯ ಕಥೆ ಪೂರ್ತಿ ಹೇಳಿದ. ಅವಳು ಗಮನವಿಟ್ಟು ಕೇಳಿ, "ಪಾಪ, ಆ ಮೇಲಿನ್ ಊರಿನರಿಗ್ ಅಷ್ಟ್ ವರ್ಷ ಗೊತ್ತೇ ಇರ್ಲಿಲ್ಯಾ?" ಎಂದಳು.

ಪದ್ದುವಿಗೆ ತಡೆಯಲಾಗಲಿಲ್ಲ. "ನಿಂಗೂ ಗೊತ್ತಿಲ್ಲೆ ಸೀತು," ಎಂದು ಫೋನಿನ ವಿಷಯ ಹೇಳಿಬಿಟ್ಟ. ಕುಷ್ಟನಿಗೆ ತಿಳಿದು ಆರು ವರ್ಷವಾಯಿತೆಂಬುದನ್ನೂ ಮುಚ್ಚಿಡಲಿಲ್ಲ.

ಸೀತು ಗೇರೆಣ್ಣೆಯಿಂದ ಕಪ್ಪಾದ ತನ್ನ ಬೆರಳುಗಳನ್ನೇ ನೋಡಿದಳು. "ಆ ಮದಿ ಆಗಿದ್ರೆ ಒಳ್ಳೇದಾತಿತ್ತೋ ಕೆಟ್ಟದಾತಿತ್ತೋ, ನಂಗ್ ಗೊತ್ತಿಲ್ಲೆ," ಎಂದಳು. "ಆರೆ ಇಷ್ಟ್ ವರ್ಷ ಬಂದ್, ನಾ ಬಡ್ಸಿದ್ ಉಂಡ್ಕಂಡ್ ಹೋದ್ರಲೆ! ಅದ್ ಹೆಂಗ್ ಇಳಿತ್ ನಿಮ್ ಗಂಟ್ಲಲ್ಲಿ?" ಅವನು ಎದ್ದಾಗ ಅವಳು ಇನ್ನೊಂದು ಮಾತು ಸೇರಿಸಿದಳು: "ಅಬ್ಬಿ ತಿಥಿಗ್ ಬನ್ನಿ. ಅಬ್ಬಿ ಅಣ್ಣನ್ ಬೈದದ್ದ್ ಕೇಂಡರೆಲ್ಲ ಬತ್ರ್. ಅವ್ರೆದ್ರ್ ಹೇಳ್ನಿ."

ತಿಥಿಯ ದಿನ ನೆಂಟರೆಲ್ಲ ಎಲೆಗೆ ಕೂರುವ ಮುಂಚೆ ಪದ್ದು ಜಗಲಿಯಲ್ಲಿ ನಿಂತು ಹೇಳಿದ. ಫೋನು ಬಂದದ್ದು ಕುಷ್ಟನಿಗೆ, ಹೋದದ್ದು ತಾನು, ಕುಷ್ಟ ಯಾರಿಗೂ ಸುಳ್ಳು ಹೇಳಿರಲಿಲ್ಲ. ಹಿರಿಯರೊಬ್ಬರು "ಹಳೇ ಕಥಿ ಈಗ ಎಂತಕೆ?" ಎಂದು ಗೊಣಗಿದರು. ಕುಷ್ಟನ ಚಿಕ್ಕಮ್ಮ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಕುಷ್ಟನ ಬಳಿ ಹೋಗಿ ಬೆನ್ನು ಸವರಿದಳು. ಅಷ್ಟು ವರ್ಷ ಕಲ್ಲಿನಂತಿದ್ದ ಕುಷ್ಟ ಆಗ ಅತ್ತ.

ಪದ್ದು ಊಟಕ್ಕೆ ನಿಲ್ಲಲಿಲ್ಲ. ಯಾರೂ ಕರೆಯಲೂ ಇಲ್ಲ.

ಈಗ ಕುಷ್ಟ ಸಂತೆಯಲ್ಲಿ ಎದುರಾದರೆ ಮೀನಿನ ರೇಟು ಮಾತಾಡುತ್ತಾನೆ. ಸೀತು ಮಾತಾಡುವುದಿಲ್ಲ. ಅವಳು ಕುಂದಾಪುರದ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಗಿದ್ದಾಳೆ. ಮನಸ್ಸಿಗೆ ಸಮಾಧಾನವಾಯಿತೇ ಎಂದು, ಅವನ ಕ್ಯಾಂಟೀನಿನಲ್ಲಿ ಉಣ್ಣುವ ನಾನು ಪದ್ದುವನ್ನು ಒಮ್ಮೆ ಕೇಳಿದೆ.

"ಇಲ್ಲೆ," ಎಂದ. "ಆರೆ ಕುಷ್ಟನ್ ಈಗ ಯಾರೂ ಸುಳ್ಳ ಅಂತಿಲ್ಲೆ."