ಖಾರದ ಮುದ್ದೆ ಮತ್ತು ನನ್ನ ಮಾನ

ನಮ್ಮವ್ವ ನನ್ನ ಮೇಲೆ ಇಲ್ಲದ ತಪ್ಪು ಹೊರಿಸಿದ್ದು ಒಂದೇ ಸಲವೇನಲ್ಲ. ಆದರೆ ಬೀಗಿತ್ತಿಯ ಎದುರು ಹೊರಿಸಿದ್ದು ಒಂದೇ ಸಲ. ಅದನ್ನು ಮಾತ್ರ ಇಲ್ಲಿ ದಾಖಲಿಸುತ್ತಿದ್ದೇನೆ. ಉಳಿದವನ್ನು ಕ್ಷಮಿಸಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬೇಸಿಗೆ ರಜಕ್ಕೆ ಏಳು ವರ್ಷದ ಮಗಳನ್ನು ಕರೆದುಕೊಂಡು ಅಜ್ಜಂಪುರದ ತವರಿಗೆ ಹೋಗಿದ್ದೆ. ರಜ ಮುಗಿದಾಗ ನಮ್ಮನ್ನು ಕರೆದೊಯ್ಯಲು ತರೀಕೆರೆಯಿಂದ ನಮ್ಮತ್ತೆ ಖುದ್ದು ಬರುವವರಿದ್ದರು. ಬೀಗಿತ್ತಿಗೆ ಹೊಸ ಹಿಟ್ಟಿನ ಮುದ್ದೆಯೇ ಆಗಬೇಕೆಂದು ಅವ್ವ ಹಿಂದಿನ ದಿನ ರಾಗಿ ಹೊರಿಸಿ ನನ್ನನ್ನು ಮಿಲ್ಲಿಗೆ ಅಟ್ಟಿದಳು.

ಮಿಲ್ಲಿನಲ್ಲಿ ಒಂದು ಕಟ್ಟಳೆ ಇತ್ತು. ಒಣಮೆಣಸಿನಕಾಯಿ ಬೀಸಿದ ಕಲ್ಲಿಗೆ ಯಾರೂ ತಕ್ಷಣ ರಾಗಿ ಸುರಿಯುತ್ತಿರಲಿಲ್ಲ. ಬೇರೆ ಯಾರಾದರೂ ಮುಂದೆ ಹೋಗಿ ಆ ಖಾರವನ್ನು ತಮ್ಮ ಮನೆಗೆ ಹೊತ್ತುಕೊಂಡು ಹೋಗಲಿ ಎಂದು ಅಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ಪರೋಪಕಾರಿಗಳಾಗಿಬಿಡುತ್ತಿದ್ದರು. "ನೀವು ಮೊದ್ಲು ಹಾಕ್ಸಿ ಕಣ್ರೀ, ನಂಗೇನೂ ಅರ್ಜೆಂಟಿಲ್ಲ." ನಾನೂ ಮೂರು ಜನಕ್ಕೆ ಆ ಉಪಕಾರ ಮಾಡಿ, ನಾಲ್ಕನೆಯವಳಾಗಿ ಬೀಸಿಸಿಕೊಂಡು ಬಂದೆ.

ಮಾರನೆಯ ದಿನ ಅತ್ತೆ ಬಂದರು, ಊಟಕ್ಕೆ ಕೂತರು. ಮೊದಲ ತುತ್ತು ನುಂಗಿದರು. ಎರಡನೆಯದಕ್ಕೆ ಕೆಮ್ಮಿದರು. ಮೂರನೆಯದಕ್ಕೆ ನೀರಿನ ಚೊಂಬು ಎತ್ತಿದರು.

ಅವ್ವ ಕ್ಷಣವೂ ತಡ ಮಾಡಲಿಲ್ಲ. "ಇವ್ಳೇ ಕಣ್ರೀ ಬೀಗ್ರೇ! ಮೆಣಸಿನಕಾಯಿ ಬೀಸಿದ ಹಿಂದ್ಲೇ ರಾಗಿ ಹಾಕ್ಸವ್ಳೆ. ಎಸ್ಸೆಸ್ಸೆಲ್ಸಿ ಓದ್ಸಿದ್ದೇ ಬಂತು!"

"ಹೋಗ್ಲಿ ಬಿಡಿ" ಎಂದರು ಅತ್ತೆ.

ಅವ್ವನ ಆ ಮಾತಿನ ಮುಂದಿನ ಪ್ರಯಾಣ ನನಗೆ ಚೆನ್ನಾಗಿ ಗೊತ್ತಿತ್ತು. ಸಾಯಂಕಾಲದ ಬಸ್ಸಿಗೆ ಅದು ತರೀಕೆರೆ ಸೇರುತ್ತದೆ, ವಾರದೊಳಗೆ ಕಡೂರಿನ ನಾದಿನಿ ಮನೆ ಮುಟ್ಟುತ್ತದೆ, ಆಮೇಲೆ ನಾನು ಮುದುಕಿಯಾಗುವವರೆಗೂ ಪ್ರತಿ ಮುದ್ದೆಯ ಜೊತೆ ನನ್ನ ತಟ್ಟೆಗೆ ಬೀಳುತ್ತದೆ.

ಅಡುಗೆಮನೆಗೆ ಹೋದೆ. ಡಬ್ಬದಲ್ಲಿ ಇನ್ನೂ ಜರಡಿ ಹಿಡಿಯದ ಹಿಟ್ಟಿತ್ತು. ಚಿಟಿಕೆ ನಾಲಿಗೆಗೆ ಹಾಕಿಕೊಂಡೆ, ಸಪ್ಪೆ. ಮೊರದಲ್ಲಿ ಅವ್ವ ಜರಡಿ ಹಿಡಿದಿಟ್ಟಿದ್ದ ಹಿಟ್ಟನ್ನು ಹಾಕಿಕೊಂಡೆ. ಕಣ್ಣಲ್ಲಿ ನೀರು ಬಂತು. ನೀರಿಗಿಂತ ಹೆಚ್ಚಾಗಿ ಸಂತೋಷ ಬಂತು.

"ಅಜ್ಜಿ ಮೊನ್ನೆ ಖಾರದಪುಡೀನೂ ಇದೇ ಜರಡೀಲೇ ಆಡಿಸ್ತು" ಎಂದಳು ಮಗಳು, ಯಾರೂ ಕೇಳದೆಯೇ.

ಅವ್ವನನ್ನು ಒಳಗೆ ಕರೆದೆ. "ಖಾರ ನಿನ್ನ ಜರಡೀದು."

"ಒದರಿಟ್ಟಿದ್ದೆ ಕಣೇ."

"ನೆಕ್ಕಿ ನೋಡು."

ನೆಕ್ಕಿದಳು. ಮೊರವನ್ನು ಮೂಲೆಗೆ ಸರಿಸಿದಳು. "ಆಗಿದ್ದಾಯ್ತು, ಸುಮ್ನಿರು. ಹೆತ್ತೋಳು ನಿನ್ನ ಕಾಲು ಹಿಡೀಬೇಕಾ?"

"ನನ್ನ ಕಾಲು ಬೇಡ. ಅತ್ತೆ ಎದುರಿಗೆ ಅಂದೆಯಲ್ಲ, ಅವರ ಎದುರಿಗೇ ವಾಪಸ್ ತಗೋ. ಅಲ್ಲೀವರ್ಗೂ ನಾನು ಬಸ್ಸು ಹತ್ತಲ್ಲ."

"ಹತ್ತದಿದ್ರೆ ಬಿಡು. ಸಗಣಿ ಬಾಚೋಕೆ ನಂಗೂ ಜನ ಬೇಕು."

ನಾನು ಕಟ್ಟಿಟ್ಟಿದ್ದ ಟ್ರಂಕು ತೆಗೆದು ಸೀರೆಗಳನ್ನು ಒಂದೊಂದಾಗಿ ಹಗ್ಗದ ಮೇಲೆ ಹಾಕತೊಡಗಿದೆ. ಕರೆಯಲು ಬಂದ ಬೀಗಿತ್ತಿ ಸೊಸೆಯಿಲ್ಲದೆ ಹಿಂದಿರುಗಿದರೆ ಬೀದಿಯವರು ಏನೇನು ಅನ್ನುತ್ತಾರೆಂದು ಅವ್ವನಿಗೆ ನಾನು ವಿವರಿಸಬೇಕಿರಲಿಲ್ಲ. ನಾಲ್ಕನೆಯ ಸೀರೆಗೆ ಅವ್ವ ನಡುಮನೆಗೆ ನಡೆದಳು.

ಅತ್ತೆಗೆ ಕುಂಕುಮ ಕೊಟ್ಟು, ಎಲೆಅಡಿಕೆ ಕೊಟ್ಟು, ಗೋಡೆಗೆ ಹೇಳುವವಳಂತೆ ಹೇಳಿದಳು: "ಬೀಗ್ರೇ, ಖಾರ ನನ್ನ ಜರಡೀದು. ಇವ್ಳು ಸರ್ಯಾಗೇ ಬೀಸ್ಸವ್ಳೆ. ನಾನೇ ಸುಳ್ಳು ಹೇಳ್ದೆ."

ಕೊನೆಯ ಮಾತನ್ನು ಹೇಳೆಂದು ನಾನು ಕೇಳಿರಲಿಲ್ಲ. ಅದನ್ನು ಅವಳೇ ಸೇರಿಸಿದ್ದು.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರೆ ಇನ್ಮೇಲೆ ಮಿಲ್ಲಿಗೆ ನೀನೇ ಹೋಗಮ್ಮ. ನಿನ್ನ ವಾರಗಿತ್ತಿ, ನಮ್ಮ ದೊಡ್ಡ ಸೊಸೆ, ಯಾವಾಗ್ಲೂ ಮೆಣಸಿನಕಾಯಿ ಹಿಂದ್ಲೇ ಹಾಕ್ಸ್ಕೊಂಡು ಬತ್ತಾಳೆ."

ತರೀಕೆರೆ ಮನೆಯಲ್ಲಿ ಖಾರದಪುಡಿ, ಹಿಟ್ಟು ಎರಡಕ್ಕೂ ಜರಡಿ ಹಿಡಿಯುತ್ತಿದ್ದುದು ಅತ್ತೆಯೇ ಎಂದು ನನಗೆ ಗೊತ್ತಿತ್ತು. ಆದರೆ ಬಸ್ಸಿಗೆ ಹೊತ್ತಾಗಿತ್ತು. ಸೀರೆಗಳನ್ನು ಮಡಚಿದೆ.